ಬಚ್ಚಲುಮನೆ ರಿಪೇರಿ: ಒಂದೂವರೆ ಲಕ್ಷದಲ್ಲಿ ಆಗುತ್ತಾ?

ತೀರ್ಥಹಳ್ಳಿ ಹತ್ತಿರ ನಮ್ಮ ಹಳೇ ಮನೆ. ಬಚ್ಚಲು 8×6 ಅಡಿ, ಮೂಲೆಯಲ್ಲಿ ಅಜ್ಜನ ಕಾಲದ ತಾಮ್ರದ ಹಂಡೆ. ಮಳೆಗಾಲ ಬಂದ್ರೆ ಅಡುಗೆಮನೆ ಕಡೆ ಗೋಡೆ ಕೈಯಿಟ್ಟಲ್ಲೆಲ್ಲ ಉದುರುತ್ತೆ. ಟೈಲ್ಸ್, ಕಮೋಡ್, ಗೀಸರ್ ಎಲ್ಲ ಸೇರಿ 1.5 ಲಕ್ಷ ಇಟ್ಟಿದೀನಿ. ಅಮ್ಮ ಹಂಡೆ ತೆಗೆಯಕ್ಕೆ ಬಿಡ್ತಿಲ್ಲ. ಏನ್ ಮಾಡ್ಲಿ?

ಸಾಗರದಿಂದ ಉತ್ತರ:
ಅಮ್ಮ ಹೇಳಿದ್ದೇ ಸರಿ ಮಾರಾಯ್ರೆ. ಜುಲೈಲಿ ಕರೆಂಟ್ ಹೋದ್ರೆ ಗೀಸರ್ ಬರೀ ಗೋಡೆಗೆ ಶೋಕಿ. ಅಡಿಕೆ ಸಿಪ್ಪೆ ಮನೇಲೇ ಇರುತ್ತಲ್ಲ. ಒಲೆಬಾಯಿ ಹೊರಗಡೆಗೆ ತಿರುಗಿಸಿ, ಹೊಗೆ ಕಾಟ ತಪ್ಪುತ್ತೆ.

ಶಿವಮೊಗ್ಗದಿಂದ ಉತ್ತರ:
ಟೈಲ್ಸ್ ಆಮೇಲೆ ನೋಡಿ. ನಾನು ಹೊಳೆಯೋ ಟೈಲ್ಸಿಗೇ ದುಡ್ಡು ಸುರಿದು ವಾಟರ್‌ಪ್ರೂಫಿಂಗ್ ಬಿಟ್ಟೆ. ಎರಡೇ ಮಳೆಗಾಲಕ್ಕೆ ಎಲ್ಲ ಕಿತ್ತು ಮತ್ತೆ ಹಾಕಿಸಿದೆ. ಹಳೇ ಪೈಪ್ ಬದಲಿಸಿ, ಕೋಟಿಂಗ್ ಹೊಡೆಸಿ, ಅದು ಒಣಗಿದ ಮೇಲೆ ಕಿಂಡಿ ಮುಚ್ಚಿ ನೀರು ಕಟ್ಟಿ 24 ಗಂಟೆ ಬಿಡಿ. ಆಚೆ ಗೋಡೆ ಒದ್ದೆಯಾದ್ರೆ ಟೈಲ್ಸ್ ಮೇಸ್ತ್ರಿನ ಒಳಗೇ ಬಿಡಬೇಡಿ. ನೆಲಕ್ಕೆ ಒರಟು ಟೈಲ್ಸೇ ಇರಲಿ. 20 ಸಾವಿರ ಬದಿಗಿಡಿ, ಹಳೇ ಗೋಡೆ ಒಡೆದಾಗ ಒಳಗೆ ಏನು ಕಾದಿರುತ್ತೋ.

ಕೇಳಿದವನು:
ಸರಿ, ಹಂಡೆ ಉಳೀತು. ಗೀಸರ್ ದುಡ್ಡು ವಾಟರ್‌ಪ್ರೂಫಿಂಗಿಗೆ. ಅಡಿಕೆ ಕೊಯ್ಲು ಮುಗಿದ ಮೇಲೆ ಫೆಬ್ರವರಿಗೆ ಕೆಲಸ ಶುರು.