ಸಹಾಯ ಬೇಕು: ಬ್ರೈಲ್ ನೋಟ್‌ಟೇಕರ್‌ನಲ್ಲಿ ಕನ್ನಡ ಬರಬೇಕು

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ನನ್ನ ತಂಗಿಗೆ ಕಣ್ಣು ಕಾಣಿಸುವುದಿಲ್ಲ, ಇಲ್ಲೇ ಕನ್ನಡ ಎಂ.ಎ. ಓದುತ್ತಿದ್ದಾಳೆ. ಅವಳ ಹತ್ತಿರ 32 ಸೆಲ್‌ನ (ಒಂದು ಸಾಲಿಗೆ 32 ಬ್ರೈಲ್ ಚೌಕ) ಬ್ರೈಲ್ ನೋಟ್‌ಟೇಕರ್ ಇದೆ, ಅಂದರೆ ಬ್ರೈಲ್ ಕೀಗಳಲ್ಲಿ ಬರೆದು, ಮೇಲೇಳುವ ಚುಕ್ಕಿಗಳನ್ನು ಬೆರಳಿನಿಂದ ಓದುವ ಪುಟ್ಟ ಕಂಪ್ಯೂಟರ್.

ಹಿಂದೆ ಇಂಥ ಸಾಧನಗಳಲ್ಲಿ ವಿಂಡೋಸ್ ಸಿಇ (ಸಣ್ಣ ಸಾಧನಗಳ ಹಳೆಯ ವಿಂಡೋಸ್) ಇರುತ್ತಿತ್ತು, ಹೊಸ ಆ್ಯಪ್ ಸಿಗುವುದೇ ಅಪರೂಪ. ಇವಳದ್ದು ಆಂಡ್ರಾಯ್ಡ್. ಒಳಗೆ ಇಡೀ ಫೋನ್ ಇದ್ದ ಹಾಗೆ, ಅಲ್ವಾ? ಆದರೂ ನೋಟ್ಸ್, ಕ್ಯಾಲ್ಕುಲೇಟರ್, ಅಲಾರಂ ಬಿಟ್ಟು ಮುಂದೆ ಹೋಗಿಲ್ಲ. ಇಷ್ಟು ಒಳ್ಳೆಯ ಸಾಧನ ಸುಮ್ನೆ ವ್ಯರ್ಥ ಆಗಬಾರದು.

ಮುಖ್ಯ ತೊಂದರೆ ಕನ್ನಡದ್ದು. ಯೂನಿಕೋಡ್ ಫೈಲ್ ತೆರೆದರೆ ಬೆರಳಿಗೆ ಸಿಗುವ ಚುಕ್ಕಿಗಳಿಗೆ ಅರ್ಥವೇ ಇರುವುದಿಲ್ಲ. ಭಾರತಿ ಬ್ರೈಲ್‌ನಲ್ಲಿ (ಭಾರತದ ಭಾಷೆಗಳ ಬ್ರೈಲ್ ಲಿಪಿ) 'ಅಕ್ಕ' ಅಂದರೆ ಅ, ಆಮೇಲೆ ಒತ್ತಕ್ಷರದ ಗುರುತಾಗಿ 4ನೇ ಚುಕ್ಕಿ, ಆಮೇಲೆ ಎರಡು ಕ. ಅದು ಹಾಗೇ ಬರಬೇಕು. ಅಕ್ಷರಗಳನ್ನು ಬ್ರೈಲ್‌ಗೆ ಬದಲಿಸುವ ಉಚಿತ ತಂತ್ರಾಂಶ ಲಿಬ್‌ಲೂಯಿಸ್‌ನಲ್ಲಿ ಕನ್ನಡ ಟೇಬಲ್ (ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂಬ ಪಟ್ಟಿ) ಇದೆ. ಅದನ್ನು ಬಳಸುವ ಆ್ಯಪ್ ಯಾರಾದರೂ ನೋಟ್‌ಟೇಕರ್‌ಗೆ ಹಾಕಿದ್ದೀರಾ? ಸಾಧನದ ಸ್ವಂತ ಸ್ಕ್ರೀನ್ ರೀಡರ್ (ಪರದೆಯಲ್ಲಿರಬೇಕಾದ್ದನ್ನು ಧ್ವನಿ, ಬ್ರೈಲ್‌ನಲ್ಲಿ ತಿಳಿಸುವ ತಂತ್ರಾಂಶ) ಜೊತೆ ಜಗಳ ಆಗುತ್ತದೆಯೇ?

ಧ್ವನಿಗೆ ಇಸ್ಪೀಕ್ ಎನ್‌ಜಿ (ಬರಹವನ್ನು ಓದಿ ಹೇಳುವ ಉಚಿತ ತಂತ್ರಾಂಶ) ಹಾಕಬೇಕು ಅಂತಿದ್ದೇವೆ, ಅದರಲ್ಲಿ ಕನ್ನಡ ಇದೆ. ಎಪಿಕೆ ಫೈಲ್ (ಆಂಡ್ರಾಯ್ಡ್ ಆ್ಯಪ್‌ನ ಫೈಲ್) ಹಾಕಲು ಯಾವ ಸೆಟ್ಟಿಂಗ್ ಬದಲಿಸಬೇಕು, ಬ್ರೈಲ್ ಕೀಗಳಿಂದಲೇ ಅಲ್ಲಿಗೆ ಹೋಗುವುದು ಹೇಗೆ ಅಂತ ತಿಳಿಸಿ. ಪರದೆ ಇಲ್ಲ, ಹಾಗಾಗಿ ಸ್ಕ್ರೀನ್‌ಶಾಟ್ ಬೇಡ. ಒತ್ತಬೇಕಾದ ಕೀಗಳನ್ನು ಒಂದೊಂದಾಗಿ ಬರೆದರೆ ಅವಳೇ ಮಾಡಿಕೊಳ್ಳುತ್ತಾಳೆ.

ಲ್ಯಾಪ್‌ಟಾಪ್‌ನ ಸ್ಕ್ರೀನ್ ರೀಡರ್ ಎನ್‌ವಿಡಿಎಗೆ ಇದನ್ನೇ ಬ್ರೈಲ್ ಡಿಸ್‌ಪ್ಲೇ ಆಗಿ ಜೋಡಿಸಿದವರಿದ್ದರೆ ಅದನ್ನೂ ಹೇಳಿ. ಯುಎಸ್‌ಬಿ ಒಳ್ಳೆಯದೋ, ಬ್ಲೂಟೂತೋ? ದಾವಣಗೆರೆ, ಚಿತ್ರದುರ್ಗದ ಕಡೆ ಬಳಸುವವರು ಇದ್ದರೆ ನಾವೇ ಬರುತ್ತೇವೆ. ಪರೀಕ್ಷೆ ಹತ್ತಿರ ಇದೆ, ಬೇಗ ತಿಳಿಸಿದರೆ ತುಂಬಾ ಉಪಕಾರ.