ಹಳೆಯ ವಿಕಿಯಲ್ಲಿ ‘ಗವಿಮಠ’ ಉಳಿಯುತ್ತದೆ, ‘ಕೊಪ್ಪಳ’ ಕೆಡುತ್ತದೆ. ಯಾಕೆ?

ಶಾಸನ_ಓದುಗ, ಕೊಪ್ಪಳ
ಮಸ್ಕಿ, ಗವಿಮಠ, ಪಾಲ್ಕಿಗುಂಡು, ನಿಟ್ಟೂರು, ಉದೇಗೋಳಂ: ನಮ್ಮ ಮೂರು ಜಿಲ್ಲೆಗಳ ಈ ಅಶೋಕನ ಶಾಸನಗಳ ಬಗ್ಗೆ ಎಲ್ಲರೂ ತಿದ್ದಬಹುದಾದ ಪುಟಗಳನ್ನು ಇಂಟರ್ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ಇಡಬೇಕಿದೆ. ಡೇಟಾಬೇಸ್ ಬೇಡವೆಂದು ಯೂಸ್‌ಮೋಡ್‌ವಿಕಿ ಎಂಬ ವಿಕಿ ತಂತ್ರಾಂಶದ ಹಳೆಯ ಆವೃತ್ತಿ ಹಾಕಿದ್ದೇವೆ. ಕನ್ನಡ ಹೆಸರುಗಳು ತಾವಾಗಿ ಕೊಂಡಿಯಾಗುತ್ತಿಲ್ಲ. ಉಳಿಸಿದ ಮೇಲೆ ‘ಶಾಸನ’, ‘ಗವಿಮಠ’ ಸರಿಯಾಗಿರುತ್ತವೆ. ‘ಕೊಪ್ಪಳ’, ‘ಮಸ್ಕಿ’, ‘ರಾಯಚೂರು’ ಚೂರುಚೂರು.

ದಂಡೆ_ಬಳ್ಳಾರಿ
ಎರಡಕ್ಕೂ ಕಾರಣ ವಿಕಿಯ ಹುಟ್ಟಿನಲ್ಲೇ ಐತಿ. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ತೆರೆದ ಮೊದಲ ವಿಕಿ ಒಂದು ಪರ್ಲ್ ಸ್ಕ್ರಿಪ್ಟು. ನಡುವೆ ದೊಡ್ಡಕ್ಷರ ಬರುವಂತೆ ಕೂಡಿಸಿ ಬರೆದ ಇಂಗ್ಲಿಷ್ ಪದ ಕಂಡರೆ ಅದೇ ಕೊಂಡಿ. ಆ ಪುಟ ಇನ್ನೂ ಇಲ್ಲದಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಒತ್ತಿದರೆ ಹೊಸ ಪುಟ. ಬಹಳ ಚೊಕ್ಕ ಉಪಾಯ, ಆದರೆ ದೊಡ್ಡಕ್ಷರವೇ ಇಲ್ಲದ ಲಿಪಿಗೆ ಒಗ್ಗುವುದಿಲ್ಲ. ಯೂಸ್‌ಮೋಡ್ ಬರೆದ ಕ್ಲಿಫರ್ಡ್ ಆಡಮ್ಸ್ ಅದಕ್ಕೆ ಜೋಡಿ ಚೌಕ ಆವರಣ ಸೇರಿಸಿದ್ದಾರೆ. [[ಗವಿಮಠ]] ಎಂದು ಬರೆಯಿರಿ, ಜೊತೆಗೆ ಕೆಳಗೆ ಹೇಳಿದ ಸಂರಚನೆಯೂ ಬೇಕು.

ಇನ್ನು ಅಕ್ಷರ ಕೆಡೋದು. ಯೂಸ್‌ಮೋಡ್ ಒಂದು ಪುಟದ ಪಠ್ಯ, ದಿನಾಂಕ, ಬರೆದವರ ಹೆಸರು ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು ನಡುವೆ ಬಿ3 ಎಂಬ ಬೈಟನ್ನು ಗಡಿಗಲ್ಲಾಗಿ ಇಡುತ್ತದೆ. ಗಡಿ ಗೊಂದಲವಾಗಬಾರದೆಂದು ಹಳೆಯ ಆವೃತ್ತಿಗಳು ನಮ್ಮ ಪಠ್ಯದೊಳಗಿನ ಬಿ3 ತೆಗೆದುಹಾಕುತ್ತವೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಳ ಅಂದರೆ ಇ0 ಬಿ2 ಬಿ3 ಎಂಬ ಮೂರು ಬೈಟು. ಈ, ಉ, ಊ, ಎ, ಏ, ಒ, ಓ ಸ್ವರಚಿಹ್ನೆಗಳು ಮತ್ತು ಒತ್ತಕ್ಷರ ಕೂಡಿಸುವ ಹಲಂತದಲ್ಲಿ ನಡುವಿನ ಬೈಟೇ ಬಿ3. ದೀರ್ಘ ಆ ಮತ್ತು ಗುಡಿಸು ಬಿ2 ಗುಂಪಿನವು, ಅದಕ್ಕೇ ‘ಗವಿಮಠ’ ಬದುಕಿತು.

1.0 ಆವೃತ್ತಿ ಹಾಕಿ. ಸಂರಚನಾ ಕಡತದಲ್ಲಿ ‘ನ್ಯೂಎಫ್‌ಎಸ್’ ಬೆಲೆ 1, ಕೊಂಡಿಯಲ್ಲಿ ಕನ್ನಡ ಅಕ್ಷರ ಒಪ್ಪಲು ‘ನಾನ್‌ಇಂಗ್ಲಿಷ್’ ಬೆಲೆಯೂ 1, ಅಕ್ಷರಸಂಕೇತ ಯುಟಿಎಫ್-8 ಮಾಡಿ. ಇದನ್ನು ಮೊದಲ ಪುಟ ಉಳಿಸುವ ಮುಂಚೆಯೇ ಮಾಡಬೇಕು. ಆಮೇಲೆ ಬದಲಿಸಿದರೆ ಹಳೆಯ ಕಡತಗಳ ಗಡಿ ಅದಕ್ಕೆ ತಿಳಿಯುವುದಿಲ್ಲ. ಈಗಾಗಲೇ ಕೆಟ್ಟ ಪುಟಗಳನ್ನು ಹೊಸದಾಗಿ ಟೈಪ್ ಮಾಡಬೇಕು, ಹೋದ ಬೈಟ್ ಮರಳಿ ಬಾರದು.

ರಾಯಚೂರು_ಕಡತ
ಅಷ್ಟೆಲ್ಲ ಮಾಡಿದರೂ ಇನ್ನೊಂದು ಅಪಾಯ ಅದ. ಯೂಸ್‌ಮೋಡ್ ಪುಟದ ಹಳೆಯ ಆವೃತ್ತಿಗಳನ್ನು ಕೆಲವು ದಿನ ಮಾತ್ರ ಇಟ್ಟು ಅಳಿಸಿಬಿಡುತ್ತದೆ. ವಿಕಿಪೀಡಿಯ 2001ರ ಜನವರಿ 15ರಂದು ಶುರುವಾದದ್ದು ಇದರ ಮೇಲೆಯೇ. ಆರಂಭದ ಎಷ್ಟೋ ತಿದ್ದುಪಡಿಗಳು ಕಳೆದೇ ಹೋದವು ಅಂದುಕೊಂಡಿದ್ದರು, 2010ರಲ್ಲಿ ಹಳೆಯ ಬ್ಯಾಕಪ್ ಸಿಕ್ಕಿತು. ಶಾಸನದ ಪಾಠದಲ್ಲಿ ಯಾರು ಯಾವ ಅಕ್ಷರ ಬದಲಿಸಿದರು ಅನ್ನೋದು ಬಹಳ ಮುಖ್ಯ. ಹಾಗಾಗಿ ನನ್ನ ಸಲಹೆ ಡೊಕುವಿಕಿ ಎಂಬ ಇನ್ನೊಂದು ವಿಕಿ ತಂತ್ರಾಂಶ. ಅದೂ ಬರೀ ಕಡತಗಳ ಮೇಲೆ ನಡೆಯುತ್ತದೆ, ಹಳೆಯ ಆವೃತ್ತಿಗಳನ್ನು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ.

ಒಂದೇ ಎಚ್ಚರ: ಸಹಜ ಸ್ಥಿತಿಯಲ್ಲಿ ಅದು ಕಡತದ ಹೆಸರಿನಲ್ಲಿ ಕನ್ನಡದ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆಯೊಂದಿಗೆ ಬರೆಯುತ್ತದೆ. ಅಂದರೆ ಒಂದು ಕನ್ನಡ ಸಂಕೇತಕ್ಕೆ 9 ಜಾಗ. ಲಿನಕ್ಸಿನಲ್ಲಿ ಕಡತದ ಹೆಸರು 255 ಬೈಟ್ ದಾಟುವಂತಿಲ್ಲ, 28 ಸಂಕೇತ ತುಂಬುವ ಮೊದಲೇ ಹೆಸರು ಮುಗಿದಂತೆ; ಸ್ವರಚಿಹ್ನೆ, ಹಲಂತ ಎಲ್ಲವೂ ಲೆಕ್ಕಕ್ಕೆ. ‘ಎಫ್‌ಎನ್‌ಎನ್‌ಕೋಡ್’ ಆಯ್ಕೆಯನ್ನು ಯುಟಿಎಫ್-8ಕ್ಕೆ ಬದಲಿಸಿದರೆ ಸಂಕೇತಕ್ಕೆ 3 ಬೈಟ್ ಸಾಕು. ಇದನ್ನೂ ಪುಟ ಮಾಡುವ ಮೊದಲೇ ಬದಲಿಸಿ.