75 ಕಿ.ಮೀ. ವೇಗ ದಾಟಿದರೆ ಟ್ರೈಲರ್ ಬಾಲ ಬೀಸುತ್ತದೆ, ಶುಕ್ರವಾರ ಹಾಸನದಿಂದ ಹೊರಡಬೇಕು

ಹೇಮಾವತಿ_ತೀರ

ನಮಸ್ಕಾರ. ನಮ್ಮ ರೇಸ್ ಕಾರನ್ನು (ಪೋಲೊ) ಟ್ರೈಲರ್ ಮೇಲೆ ಶ್ರೀಪೆರಂಬುದೂರಿನ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿಗೆ ಒಯ್ಯಬೇಕು. ಸುಮಾರು 500 ಕಿ.ಮೀ. ದಾರಿ. ಎಳೆಯುವುದು ಡೀಸೆಲ್ ಪಿಕಪ್. ಟ್ರೈಲರಿಗೆ ಎರಡು ಆಕ್ಸಲ್. ಪಿಕಪ್ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ಒತ್ತಿ ತಾನಾಗಿ ಹಿಡಿಯುವ ಬ್ರೇಕ್ ಇದೆ.

ನಿನ್ನೆ ಪರೀಕ್ಷೆಗೆಂದು ಚನ್ನರಾಯಪಟ್ಟಣದವರೆಗೆ ಹೋಗಿಬಂದೆವು. 60ರಲ್ಲಿ ಏನೂ ತೊಂದರೆಯಿಲ್ಲ. 75 ದಾಟಿದ ಕೂಡಲೇ ಟ್ರೈಲರ್ ಬಾಲ ಬೀಸತೊಡಗಿತು. ಬಸ್ಸೊಂದು ನಮ್ಮನ್ನು ಹಿಂದಿಕ್ಕಿದಾಗಲಂತೂ ಪಿಕಪ್ಪಿನ ಹಿಂಭಾಗವನ್ನೇ ಎಳೆದಾಡಿತು. ಪಕ್ಕದಲ್ಲಿ ತಮ್ಮನಿದ್ದ, ಇಬ್ಬರೂ ಹೆದರಿದೆವು. ಟೈರುಗಳ ಗಾಳಿ ಸರಿಯಿದೆ. ಎಡಗಡೆಯ ಹಿಂದಿನ ಚಕ್ರದ ಹಬ್ (ನಡುಭಾಗ) ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿತ್ತು. ಓಲಾಟ ತಡೆಯುವ ಬಾರ್ ಹಾಕಿಸಲೇ?

ಸಕಲೇಶಪುರ_ಮಳೆ

ಹಾಕಿಸಿ. ಶಿರಾಡಿ ಘಾಟಿಯಲ್ಲಿ ದೋಣಿಯ ಟ್ರೈಲರ್ ಎಳೆಯುವ ನನ್ನ ಸ್ನೇಹಿತರೊಬ್ಬರಿಗೆ ಅದರಿಂದ ಅನುಕೂಲವಾಗಿದೆ.

ಮುಳ್ಳಯ್ಯನಗಿರಿ

ಸರ್, ದಯವಿಟ್ಟು ಈಗಲೇ ಬಾರ್ ಹಾಕಿಸಬೇಡಿ. ತೂಕದ ತಪ್ಪನ್ನು ಅದು ಮುಚ್ಚಿಡುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಮುಚ್ಚಿಟ್ಟದ್ದು 75ರಲ್ಲಿ ಕಾಣದೆ 90ರಲ್ಲಿ ಕಾಣಿಸಿಕೊಂಡರೆ ಕೈಗೆ ಸಿಗುವುದಿಲ್ಲ.

ಒಂದು ಪ್ರಶ್ನೆ: ಕಾರನ್ನು ಯಾವ ಕಡೆ ಮುಖ ಮಾಡಿ ಏರಿಸಿದ್ದಿರಿ? ಬಿಡಿ ಟೈರುಗಳು ಎಲ್ಲಿದ್ದವು?

ಹೇಮಾವತಿ_ತೀರ

ಟ್ರ್ಯಾಕಿನಲ್ಲಿ ನೇರವಾಗಿ ಓಡಿಸಿ ಇಳಿಸಬಹುದೆಂದು ಹಿಮ್ಮುಖವಾಗಿ ಏರಿಸಿದ್ದೆವು, ಮೂತಿ ಹಿಂದಕ್ಕಿತ್ತು. ನಾಲ್ಕು ಟೈರು, ಉಪಕರಣಗಳ ಪೆಟ್ಟಿಗೆ ಎಲ್ಲವೂ ಟ್ರೈಲರಿನ ಹಿಂದಿನ ಅಂಚಿನಲ್ಲಿದ್ದವು.

ಮುಳ್ಳಯ್ಯನಗಿರಿ

ಹಾಗಾದರೆ ಕಾರಣ ಅದೇ ಇರಬೇಕು. ಪೋಲೊದ ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದಿವೆ. ಮೂತಿ ಹಿಂದಾದರೆ ಆ ಭಾರವೆಲ್ಲ ಆಕ್ಸಲುಗಳ ಹಿಂದಕ್ಕೆ ಹೋಗುತ್ತದೆ. ಟ್ರೈಲರನ್ನು ಪಿಕಪ್ಪಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಕೂರಬೇಕಾದ ಭಾರ ಕೂರುವುದಿಲ್ಲ, ಪಿಕಪ್ಪಿನ ಹಿಂದಿನ ಚಕ್ರಗಳ ಹಿಡಿತವೂ ಕಡಿಮೆಯಾಗುತ್ತದೆ. ಆಮೇಲೆ ಬಸ್ಸಿನ ಗಾಳಿ ಒಮ್ಮೆ ತಳ್ಳಿದರೆ ಸಾಕು, ಟ್ರೈಲರ್ ಲೋಲಕದಂತೆ ತೂಗುತ್ತದೆ. ತುಂಬಿದ ಟ್ರೈಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು ಎಂಬುದು ಇಂಥ ಟ್ರೈಲರುಗಳಿಗೆ ಹೇಳುವ ಲೆಕ್ಕ. ಆದರೆ ಕೊಂಡಿಯ ಫಲಕದಲ್ಲಿ ಬರೆದಿರುವ ಮಿತಿಯನ್ನು ಮೀರಬಾರದು.

ಅಂದಾಜು ಬೇಡ, ತೂಕ ಹಾಕಿಸಿ. ಕಾಫಿ ಕ್ಯೂರಿಂಗ್ ನಡೆಯುವ ಕಡೆ ವೇಬ್ರಿಡ್ಜ್ ಇರುತ್ತದೆ. ಕೊಯ್ಲಿನ ಲಾರಿಗಳ ಸಾಲಿಲ್ಲದ ಹೊತ್ತು ನೋಡಿ ಹೋಗಿ. ಮೊದಲು ಟ್ರೈಲರನ್ನು ಬಿಚ್ಚಿ, ಮುಂದಿನ ಆಧಾರ ಚಕ್ರವೂ ಸೇರುವಂತೆ ನಿಲ್ಲಿಸಿ ತೂಗಿ. ಅನಂತರ ಪಿಕಪ್ಪಿಗೆ ಸಿಕ್ಕಿಸಿ, ಟ್ರೈಲರಿನ ನಾಲ್ಕು ಚಕ್ರಗಳು ಮಾತ್ರ ಬ್ರಿಡ್ಜಿನ ಮೇಲಿರುವಂತೆ ತೂಗಿ. ಎರಡರ ವ್ಯತ್ಯಾಸವೇ ಕೊಂಡಿಯ ಮೇಲಿನ ಭಾರ.

ಹಬ್‌ನ ವಿಷಯ ಬೇರೆ, ಅದನ್ನು ಕಡೆಗಣಿಸಬೇಡಿ. ಆ ಚಕ್ರವನ್ನು ಜಾಕಿನಿಂದ ಎತ್ತಿ ಕೈಯಲ್ಲಿ ತಿರುಗಿಸಿ. ಬಿಗಿಯಾಗಿ ತಿರುಗಿದರೆ ಬ್ರೇಕ್ ಹಿಡಿದುಕೊಂಡಿದೆ. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಲಟಪಟ ಎಂದರೆ ಬೇರಿಂಗ್.

ದಾರಿಯಲ್ಲಿ ಮತ್ತೆ ಬಾಲ ಬೀಸಿದರೆ ಬ್ರೇಕನ್ನು ಜೋರಾಗಿ ಒತ್ತಬೇಡಿ, ವೇಗ ಹೆಚ್ಚಿಸಿ ನೇರಮಾಡಲೂ ಹೋಗಬೇಡಿ. ಸ್ಟೀರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಇದನ್ನು ತಮ್ಮನಿಗೂ ಹೇಳಿಕೊಡಿ, ಅವರೂ ಚಾಲನೆ ಮಾಡುವುದಾದರೆ.

ಸಕಲೇಶಪುರ_ಮಳೆ

ಒಪ್ಪಿದೆ ಸರ್, ನಾನು ಅವಸರಪಟ್ಟೆ. ಒಂದು ಮಾತು ಸೇರಿಸುತ್ತೇನೆ: ಹೊಸೂರು ದಾಟಿದ ಮೇಲೆ ಕೃಷ್ಣಗಿರಿಯ ಕಡೆಗೆ ಇಳಿಜಾರು. ಇಳಿಯುವ ಮೊದಲೇ ಗೇರ್ ಇಳಿಸಿ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಟ್ರೈಲರಿನ ಬ್ರೇಕೂ ಉದ್ದಕ್ಕೂ ಹಿಡಿದು ಕಾಯುತ್ತದೆ.

ಹೇಮಾವತಿ_ತೀರ

ಇವತ್ತು ತೂಗಿಸಿದೆವು. ಹಳೆಯ ರೀತಿಯಲ್ಲಿ ಬಿಚ್ಚಿದಾಗ 2,000 ಕೆ.ಜಿ., ಸಿಕ್ಕಿಸಿದಾಗ 1,950. ಎರಡು ಟನ್ನಿಗೆ ಕೊಂಡಿಯ ಮೇಲೆ 50 ಕೆ.ಜಿ. ಮಾತ್ರ! ಅಲ್ಲೇ ಕಾರನ್ನು ಇಳಿಸಿ, ಮೂತಿ ಮುಂದೆ ಮಾಡಿ ಏರಿಸಿದೆವು: 200. ಟೈರು, ಪೆಟ್ಟಿಗೆಗಳನ್ನು ಆಕ್ಸಲಿನ ಮುಂದಕ್ಕೆ ತಂದು ಬೆಲ್ಟ್ ಬಿಗಿದ ಮೇಲೆ 250. ಫಲಕದ ಮಿತಿಯೊಳಗಿದೆ. ಕಾರನ್ನು ಕಟ್ಟುವ ಜಾಗಗಳಿಗೆ ಬಣ್ಣದಿಂದ ಗುರುತು ಹಾಕಿದ್ದೇವೆ.

ಬಿಸಿಯಾಗುತ್ತಿದ್ದ ಚಕ್ರದಲ್ಲಿ ಬ್ರೇಕ್ ಕೇಬಲ್ ಬಿಗಿಯಾಗಿತ್ತು, ಸಡಿಲಿಸಿದೆವು. ಬೇರಿಂಗ್ ಚೆನ್ನಾಗಿದೆ. ಸಂಜೆ ಅದೇ ರಸ್ತೆಯಲ್ಲಿ 80ರಲ್ಲಿ ಹೋದೆವು, ಬಸ್ಸುಗಳು ಹಿಂದಿಕ್ಕಿದರೂ ಟ್ರೈಲರ್ ಅಲುಗಲಿಲ್ಲ. ಬಹಳ ಉಪಕಾರವಾಯಿತು.

ಮುಳ್ಳಯ್ಯನಗಿರಿ

ತುಂಬಾ ಸಂತೋಷ. ಚಕ್ರ ಬಿಚ್ಚಿದ್ದರೆ ಮೊದಲ 80 ಕಿ.ಮೀ. ಆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಯಡಿಯೂರು ಸರಿಯಾದ ಜಾಗ, ಬೆಲ್ಟುಗಳನ್ನೂ ಅಲ್ಲೇ ನೋಡಿಕೊಳ್ಳಬಹುದು.

ಹೇಮಾವತಿ_ತೀರ

ಶನಿವಾರ ಬೆಳಿಗ್ಗೆ, ಟ್ರ್ಯಾಕಿನಿಂದ. ತಲುಪಿದ್ದೇವೆ ಸರ್. ಯಡಿಯೂರಿನಲ್ಲಿ ಎರಡು ನಟ್ಟು ಕಾಲು ಸುತ್ತು ಬಿಗಿದವು. ನಾಲ್ಕು ಹಬ್ಬುಗಳೂ ಒಂದೇ ಸಮನಾಗಿ ಬೆಚ್ಚಗಿದ್ದವು. ಕಾರನ್ನು ಹಿಮ್ಮುಖವಾಗಿ ಇಳಿಸಲು ಹತ್ತು ನಿಮಿಷ ಹೆಚ್ಚು ಹಿಡಿಯಿತು, ಅಷ್ಟೇ.